ಐದು ಗುಂಟೆ ಗರಿಕೆ

"ಒಂದೂಕಾಲು ಸೇರು ಸಾಕು," ಎಂದಳು ವರಲಕ್ಷ್ಮಿ.

"ಹದಿನಾಲ್ಕು ಸೇರಾದ್ರೂ ಬೇಕು," ಎಂದ ಮುನಿವೆಂಕಟ.

ಸಂಕ್ರಾಂತಿಯಿಂದ ಈಚೆಗೆ ಅವರಿಬ್ಬರು ಮುಖ ನೋಡಿಕೊಂಡು ಆಡಿದ ಮೊದಲ ಮಾತು ಇದು. ಪ್ರೇಮದ ಕಥೆಗೆ ಇದಕ್ಕಿಂತ ಒಣಕಲು ಆರಂಭ ಹುಡುಕಿದರೂ ಸಿಗಲಿಕ್ಕಿಲ್ಲ. ಏನು ಮಾಡುವುದು, ನಡೆದದ್ದೇ ಹೀಗೆ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಯುಗಾದಿ ಕಳೆದು ಬಿಸಿಲು ಬಲಿತಿತ್ತು. ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳು ಮುಗಿದು ರಾಜಘಟ್ಟದ ದಾರಿ ಶುರುವಾಗುವ ಕಡೆ ಒಂದು ಹೊಸ ಹೆರಿಗೆ ಆಸ್ಪತ್ರೆ ಎದ್ದಿತ್ತು. ಜಾಗ ಕೊಟ್ಟವರು ವರಲಕ್ಷ್ಮಿಯ ತಂದೆ ಅಪ್ಪಯ್ಯಣ್ಣ. ಅವರ ಹಿರಿಯ ಮಗಳು ರುಕ್ಮಿಣಿ ಚೊಚ್ಚಲ ಹೆರಿಗೆಯಲ್ಲಿ, ಬೆಂಗಳೂರಿಗೆ ಹೊರಟ ಎತ್ತಿನ ಗಾಡಿಯಲ್ಲೇ ತೀರಿಕೊಂಡಿದ್ದಳು. ಅದಾದ ಮೇಲೆ ಕಿರಿಯವಳು ವರಲಕ್ಷ್ಮಿ ಹಟ ಹಿಡಿದು ಬೆಂಗಳೂರಿಗೆ ಹೋಗಿ, ಹೆರಿಗೆ ಮಾಡಿಸುವುದನ್ನು ಕಲಿತು ಬಂದಳು. ಆಸ್ಪತ್ರೆ ತೆರೆಯುವುದು ಶ್ರಾವಣಕ್ಕೆ. ಅದರ ಮೊದಲ ನರ್ಸಮ್ಮ ಅವಳೇ.

ಬಾಣಂತಿಯರು ಎಳೆಬಿಸಿಲಿನಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರಲು ಮುಂದೆ ಒಂದು ಲಾನ್ ಇರಬೇಕು ಎಂಬುದು ಬೆಂಗಳೂರಿನಿಂದ ಬಂದು ಹೋಗುವ ಲೇಡಿ ಡಾಕ್ಟರ್ ಆಸೆ. ಇದ್ದಿಲಿನಿಂದ ಓಡುವ ಬಸ್ಸಿನ ಡ್ರೈವರ್ ಕೈಯಲ್ಲಿ ಅವರು ಮಾದರಿಗೆ ಒಂದು ಸಣ್ಣ ಚೀಲ ಗರಿಕೆ ಬೀಜ ಕಳಿಸಿದ್ದರು. ಐದು ಗುಂಟೆಗೆ ಎಷ್ಟು ಬೇಕೆಂದು ನೀವೇ ಲೆಕ್ಕ ಹಾಕಿ ಹೇಳಿ, ಅಷ್ಟನ್ನು ತರಿಸಿಕೊಡುತ್ತೇನೆ ಎಂದಿದ್ದರು.

ಇದನ್ನು ಕೇಳಿ ಅಪ್ಪಯ್ಯಣ್ಣ ತಲೆ ಮೇಲೆ ಕೈ ಹೊತ್ತರು.

"ಗರಿಕೆ ಬೀಜಾನಾ? ಹುಟ್ಟಿದಾಗ್ಲಿಂದ ಹೊಲದಾಗೆ ಗರಿಕೆ ಕಿತ್ತು ಕಿತ್ತು ನನ್ನ ಬೆನ್ನು ಬಗ್ಗೋಗೈತೆ. ಈಗ ಅದನ್ನೇ ಬಿತ್ತಬೇಕಾ? ಬದಿನ ಮ್ಯಾಲೆ ಬೇಕಾದಷ್ಟೈತೆ, ಬುಡ ಸಮೇತ ತಂದು ನೆಟ್ರಾಯ್ತಪ್ಪಾ."

"ಬುಡದ ಜೊತೆ ಕೊನ್ನಾರಿ ಕಳೆ ಗಡ್ಡೇನೂ ಬರುತ್ತೆ ಮಾವ," ಎಂದ ಮುನಿವೆಂಕಟ. "ಆಮೇಲೆ ಇದು ಲಾನ್ ಆಗಲ್ಲ, ಕೊನ್ನಾರಿ ತೋಟ ಆಗುತ್ತೆ."

ಅವನು ಅಪ್ಪಯ್ಯಣ್ಣನ ಹೆಂಡತಿಯ ಅಣ್ಣನ ಮಗ, ವರಲಕ್ಷ್ಮಿಗೆ ಸೋದರಮಾವನ ಮಗ. ಮಿಲಿಟರಿಯಲ್ಲಿ ಹುಲ್ಲು ಬೆಳೆಸುವ ಕೆಲಸ ಮಾಡಿದ್ದೆ ಎಂದು ಯಾವತ್ತೋ ಬಾಯಿಬಿಟ್ಟಿದ್ದರಿಂದ ಈ ಕೆಲಸ ಅವನ ತಲೆಗೆ ಬಂದಿತ್ತು. ಅಪ್ಪಯ್ಯಣ್ಣ ಅವನನ್ನು ಸಂತೋಷದಿಂದೇನೂ ಕರೆಸಿರಲಿಲ್ಲ. ಬೇರೆ ಯಾರಿಗೂ ಹುಲ್ಲಿನ ಬೀಜದ ಗಂಧಗಾಳಿ ಇರಲಿಲ್ಲ, ಅದಕ್ಕೇ ಕರೆಸಿದ್ದರು.

ಸಂತೋಷವಿಲ್ಲದ್ದಕ್ಕೆ ಕಾರಣವಿತ್ತು. ವರಲಕ್ಷ್ಮಿ ತೊಟ್ಟಿಲಲ್ಲಿದ್ದಾಗಲೇ ಇವಳು ವೆಂಕಟನಿಗೆ ಎಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಅವನು ಬರ್ಮಾ ಕಡೆಗೆ ಹೋದಾಗ ಅವಳು ಕಾದಳು. ಯುದ್ಧ ಮುಗಿದು ಬಂದ. ಸಂಕ್ರಾಂತಿಯ ದಿನ ಹಿರಿಯರೆಲ್ಲ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಾಗ, "ನನಗೆ ಮದುವೆ ಬೇಡ" ಎಂದು ಎದ್ದು ಹೋದ. ಯಾಕೆಂದು ಹೇಳಲಿಲ್ಲ. ವರಲಕ್ಷ್ಮಿಯ ತಾಯಿ ಮುನಿಲಕ್ಷ್ಮಮ್ಮ ತವರಿನವರೊಡನೆ ಮಾತು ಬಿಟ್ಟರು. ವರಲಕ್ಷ್ಮಿ ಒಳಗೆ ಹೋಗಿ, ತಟ್ಟೆಯಲ್ಲಿ ಹರಡಿದ್ದ ಎಳ್ಳುಬೆಲ್ಲವನ್ನು ಮತ್ತೆ ಡಬ್ಬಕ್ಕೆ ತುಂಬಿಟ್ಟಳು. ಅಳು ಬಂದದ್ದು ಮರುದಿನ.

ಈಗ ಹೊಸಕೋಟೆ ಕಡೆಯಿಂದ ಒಂದು ಗಂಡು ಬಂದಿತ್ತು. ನೀರಾವರಿ ತೋಟ, ಒಳ್ಳೆಯ ಮನೆತನ, ಹುಡುಗನೂ ಮೆತ್ತಗಿನವನು. ಅವನಲ್ಲಿ ಏನಾದರೂ ಕೊರತೆ ಹುಡುಕಬೇಕೆಂದು ವರಲಕ್ಷ್ಮಿ ಬಹಳ ಪ್ರಯತ್ನಪಟ್ಟು ಸೋತಿದ್ದಳು. ಮಧ್ಯಸ್ಥ ಪಿಳ್ಳಪ್ಪ ಮುಂಗಾರು ಬೀಳುವುದರೊಳಗೆ ಹೂಂ ಅಥವಾ ಉಹೂಂ ಹೇಳಿಬಿಡಿ ಎಂದಿದ್ದ. ಹೂಂ ಅನ್ನುವ ಮೊದಲು ಅವಳಿಗೆ ಒಂದು ತಿಳಿಯಬೇಕಿತ್ತು. ವೆಂಕಟ ತನ್ನನ್ನು ಯಾಕೆ ಬೇಡ ಅಂದ? ಇಷ್ಟಾದರೂ ತನಗೆ ಬೇಕಾದವನು ಅವನೇ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಯಾರಿಗೆ ಹೇಳುವ ಹಾಗಿತ್ತು?

"ಒಂದೂಕಾಲು ಸೇರು ಹೆಂಗೆ ಬಂತು?" ಎಂದು ಅವನು ಕೇಳಿದ.

"ಗುಂಟೆಗೆ ಒಂದು ಪಾವು ರಾಗಿ ಚೆಲ್ತೀವಿ. ಐದು ಗುಂಟೆಗೆ ಐದು ಪಾವು, ಅಂದ್ರೆ ಒಂದೂಕಾಲು ಸೇರು. ಇದು ರಾಗಿಗಿಂತ ಸಣ್ಣ ಕಾಳು, ಇನ್ನೂ ಉಳಿಯುತ್ತೆ."

ಆ ಸೀಮೆಯಲ್ಲಿ ಯಾರ ಹೊಲ ಎಷ್ಟು ದೊಡ್ಡದು ಎಂದು ಕೇಳಿದರೆ ಎಕರೆ ಲೆಕ್ಕ ಹೇಳುವವರು ಕಡಿಮೆ. ಮೂರು ಸೇರಿನ ಹೊಲ, ಒಂದು ಕೊಳಗದ ಹೊಲ ಎನ್ನುತ್ತಿದ್ದರು. ಎಷ್ಟು ಬೀಜ ಹಿಡಿಯುತ್ತದೋ ನೆಲ ಅಷ್ಟು ದೊಡ್ಡದು. ವರಲಕ್ಷ್ಮಿ ಬೆಂಗಳೂರಿನಲ್ಲಿ ಓದಿ ಬಂದಿದ್ದರೂ ಅವಳ ಕಣ್ಣಿಗೆ ನೆಲ ಕಂಡದ್ದು ರಾಗಿಯ ಅಳತೆಯಲ್ಲೇ.

"ರಾಗಿ ತೆಂಡೆ ಒಡೆದು ಹರಡೋಕೆ ಜಾಗ ಬಿಡ್ತೀವಿ. ಲಾನಿಗೆ ಹಂಗೆ ಬಿಟ್ರೆ ಮಧ್ಯೆ ಮಣ್ಣು ಕಾಣುತ್ತೆ," ಎಂದ ಅವನು.

"ಸರಿ, ಮಿಲಿಟರಿಯವರ ಹದಿನಾಲ್ಕು ಸೇರು ಯಾವ ಲೆಕ್ಕ?"

ಅವನು ನೆಲದ ಕಡೆ ನೋಡುತ್ತ, "ಇಷ್ಟಗಲಕ್ಕೆ ಒಂದು ಹಿಡಿ," ಎಂದು ಕೈಯಗಲಿಸಿ ಏನೋ ತೋರಿಸಿದ. ಉದ್ದ ಜಾಸ್ತಿ, ಅಗಲ ಕಡಿಮೆ. ಅದು ಯಾವ ಅಳತೆ ಎಂದು ಅವಳಿಗೆ ತಿಳಿಯಲಿಲ್ಲ.

ಜಗಳ ಬಿಡಿಸಲು ಅಪ್ಪಯ್ಯಣ್ಣ ಒಂದು ದಾರಿ ಹೇಳಿದರು. ಮಾದರಿ ಬೀಜವನ್ನು ಇಬ್ಬರೂ ಒಂದೊಂದು ಮಡಿಯಲ್ಲಿ ತಂತಮ್ಮ ಲೆಕ್ಕದಂತೆ ಬಿತ್ತಲಿ, ಯಾರದು ಸರಿ ಎಂದು ಹುಲ್ಲೇ ಹೇಳುತ್ತದೆ. ಹೇಳಿ ಅವರು ತಮ್ಮೂರು ರಾಜಘಟ್ಟಕ್ಕೆ ಹೊರಟುಹೋದರು. ಮಕ್ಕಳಿಬ್ಬರಿಗೆ ದಿನಾ ನೀರು ಹಾಕುವ ಕೆಲಸ ಗಂಟುಬಿತ್ತು. ಮುದುಕರು ಬೇಕೆಂದೇ ಮಾಡಿದರೋ ಏನೋ, ಕೇಳಿದರೆ ಮೀಸೆ ಸವರಿಕೊಂಡು ಸುಮ್ಮನಾಗುತ್ತಿದ್ದರು.

ಬೆಳಗ್ಗೆ ಅವನು ಬಾವಿಯಿಂದ ನೀರು ಸೇದುತ್ತಿದ್ದ. ಅವಳು ತೂತಿನ ಡಬ್ಬದಲ್ಲಿ ಚಿಮುಕಿಸುತ್ತಿದ್ದಳು. ಮೊದಮೊದಲು ಹಗ್ಗದ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ.

"ನೀವು ನನ್ನ ಮಡಿಗೆ ಕಮ್ಮಿ ನೀರು ಕೊಡ್ತಾ ಇದೀರ," ಎಂದು ಒಂದು ದಿನ ಅವಳು ತಗಾದೆ ತೆಗೆದಳು.

"ಕೊಡೋಳು ನೀನು. ನಾನು ಸೇದೋನು ಅಷ್ಟೆ."

"ಸೇದುವಾಗ್ಲೇ ನಿಮ್ಮ ಮಡಿಗೆ ತುಂಬಿದ ಬಿಂದಿಗೆ, ನಂದಕ್ಕೆ ಮುಕ್ಕಾಲು."

ಅವನು ಬಿಂದಿಗೆಯನ್ನು ಬಗ್ಗಿ ನೋಡಿದ. ನಿಜಕ್ಕೂ ಮುಕ್ಕಾಲಿತ್ತು. ಅವನ ತುಟಿಯ ಒಂದು ಮೂಲೆ ಸ್ವಲ್ಪ ಮೇಲೆದ್ದಿತು, ಇನ್ನೊಂದು ಮೂಲೆಗೆ ನಗಲು ಧೈರ್ಯ ಬರಲಿಲ್ಲ. ಅಷ್ಟಕ್ಕೇ ವರಲಕ್ಷ್ಮಿಯ ಎದೆ ಬಡಿದುಕೊಂಡಿತು. ಅದನ್ನು ಮುಚ್ಚಲು ಅವಳು ಸೆರಗು ಎಳೆದುಕೊಂಡು ಡಬ್ಬ ಬಗ್ಗಿಸಿದಳು. ನೀರೆಲ್ಲ ಅವನ ಕಾಲ ಮೇಲೆ ಸುರಿಯಿತು.

"ಲಾನ್ ಇರೋದು ಆ ಕಡೆ," ಎಂದ ಅವನು.

"ಗೊತ್ತು. ಕಾಲಲ್ಲಿ ಏನಾದ್ರೂ ಬೆಳೆಯುತ್ತಾ ಅಂತ ನೋಡ್ದೆ."

ಈ ಸಲ ಎರಡೂ ಮೂಲೆ ನಕ್ಕವು. ಅವಳು ಅವನನ್ನು ಇನ್ನೂ ನೀವು ಎಂದೇ ಕರೆಯುತ್ತಿದ್ದಳು. ಚಿಕ್ಕಂದಿನಿಂದ ಬಾಯಲ್ಲಿದ್ದ "ಭಾವ" ಎಂಬ ಮಾತನ್ನು ಸಂಕ್ರಾಂತಿಯಂದೇ ನುಂಗಿದ್ದಳು.

ಹೀಗೇ ದಿನ ಹೋದವು. ಅವನು ಊರಿನ ಸುದ್ದಿ ಕೇಳಿದರೆ ಮಾತಾಡುತ್ತಿದ್ದ, ಎತ್ತಿನ ವಿಷಯ ಕೇಳಿದರೆ ಇನ್ನೂ ಹೆಚ್ಚು ಮಾತಾಡುತ್ತಿದ್ದ. ಬರ್ಮಾ ಎಂದರೆ ಹಗ್ಗ ಹಿಡಿದು ಬಾವಿಯ ಕಡೆ ತಿರುಗುತ್ತಿದ್ದ. ಒಂದು ವಿಚಿತ್ರವನ್ನೂ ಅವಳು ಕಂಡಳು. ಖಾಲಿ ನೆಲವನ್ನು ದಾಟುವಾಗ ಅವನು ನೇರ ನಡೆಯುತ್ತಿರಲಿಲ್ಲ. ಅಲ್ಲಿ ಏನೋ ಇದ್ದ ಹಾಗೆ, ಸಾಲು ಹಿಡಿದು ಸುತ್ತಿ ಬರುತ್ತಿದ್ದ.

ಮೊಳಕೆ ಬಂತು. ಅವಳ ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಎಳೆ, ಬೋಳುತಲೆಯಲ್ಲಿ ಉಳಿದ ಕೂದಲ ಹಾಗೆ. ಅವನ ಮಡಿ ಮಾತ್ರ ಹಸಿರೋ ಹಸಿರು. ಮಣ್ಣೇ ಕಾಣದಷ್ಟು ಒತ್ತಾಗಿ ಎದ್ದಿತ್ತು. "ಸೋತೆ," ಎಂದು ಅವಳು ಒಪ್ಪಿಕೊಂಡು ಅವನಿಗೆ ಮಜ್ಜಿಗೆ ತಂದುಕೊಟ್ಟಳು. ಆದರೆ ಮುಂದಿನ ವಾರ ಆ ಹಸಿರಿನ ನಡುವೆ ಹಳದಿ ಕಾಣಿಸಿತು. ಬೆರಳಿಟ್ಟು ನೋಡಿದರೆ ಎಳೆಗಳು ಬುಡದಲ್ಲೇ ಕೊಳೆತು ಕೈಗೆ ಬರುತ್ತಿದ್ದವು.

"ಅಬ್ಬ, ಇಬ್ರೂ ಸೋತ್ವಿ," ಎಂದು ಅವಳು ನಕ್ಕಳು.

ಅವನು ನಗಲಿಲ್ಲ. ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೊಳೆತ ಎಳೆಗಳನ್ನು ಒಂದೊಂದಾಗಿ ಎತ್ತಿ ಅಂಗೈಯಲ್ಲಿಟ್ಟುಕೊಳ್ಳುತ್ತಿದ್ದ. ಒಂದನ್ನೂ ಬಿಡದೆ ಸಾಲಾಗಿ ಜೋಡಿಸುತ್ತಿದ್ದ. ಒಂದು ಮಡಿ ಹುಲ್ಲಿಗೆ ಯಾರೂ ಇಷ್ಟು ಮರುಗುವುದಿಲ್ಲ. ಅವಳು ಆ ಮಡಿಯನ್ನು ಮತ್ತೊಮ್ಮೆ ನೋಡಿದಳು. ಉದ್ದ ಜಾಸ್ತಿ, ಅಗಲ ಕಡಿಮೆ. ಹೆರಿಗೆಮನೆಯಲ್ಲಿ ಕಲಿತವಳಿಗೆ ಮನುಷ್ಯನ ಮೈ ಎಷ್ಟು ಜಾಗ ಹಿಡಿಯುತ್ತದೆ ಎಂದು ಗೊತ್ತು. ಆ ಮಡಿಯಲ್ಲಿ ಒಬ್ಬ ಗಂಡಸು ಸರಿಯಾಗಿ ಮಲಗಬಹುದಿತ್ತು.

"ಇದು ಯಾರ ಅಳತೆ?" ಎಂದು ಮೆಲ್ಲಗೆ ಕೇಳಿದಳು.

ಅವನು ಅಂಗೈಯ ಎಳೆಗಳನ್ನು ಮೆಲ್ಲಗೆ ನೆಲಕ್ಕಿಟ್ಟ. ಮಗ್ಗದ ಬೀದಿಯಿಂದ ಲಾಳಿಯ ಸದ್ದು ಬರುತ್ತಿತ್ತು.

"ಗುಂಡು ಹೊಡೆಯೋ ಕೆಲಸ ಅಲ್ಲ ನಮ್ಮ ಕಂಪನೀದು," ಎಂದ ಕೊನೆಗೆ. "ಕಾಡಲ್ಲಿ ಅಲ್ಲಲ್ಲೇ ಹೂತಿದ್ದೋರ್ನ ತೆಗೆದು, ಒಂದ್ಕಡೆ ತಂದು, ಸಾಲಾಗಿ ಮಲಗ್ಸೋದು. ಮೇಲೆ ಹುಲ್ಲು ಬಿತ್ತೋದು. ಸಾಹೇಬ್ರು ಒಬ್ಬೊಬ್ರಿಗೂ ಅರ್ಧ ಹಿಡಿ ಸಾಕು ಅಂದಿದ್ರು. ಎಲ್ಲ ಹುಡುಗ್ರು ವರಲಕ್ಷ್ಮಿ. ಎಲ್ಲೆಲ್ಲಿಯೋರೋ. ಅರ್ಧ ಹಿಡಿ ಹಾಕೋಕೆ ನನಗೆ ಕೈ ಬರ್ಲಿಲ್ಲ. ಪೂರ್ತಿ ಹಾಕ್ದೆ. ಅಲ್ಲಿ ಮಳೆ ಜಾಸ್ತಿ. ಅದೂ ಹಿಂಗೇ ಕೊಳೆತು ಹೋಯ್ತೇನೋ, ಯಾರಿಗೆ ಗೊತ್ತು. ಅಷ್ಟರಲ್ಲಿ ನಮ್ಮನ್ನ ಊರಿಗೆ ಕಳ್ಸಿಬಿಟ್ರು."

ಅವಳು ಅವನ ಪಕ್ಕದಲ್ಲಿ ಕೂತಳು.

"ಬಂದ ಮೇಲೂ ಎಲ್ಲಿ ನೆಲ ನೋಡಿದ್ರೂ ಅದೇ ಅಳತೆ ಕಾಣುತ್ತೆ. ಸಂಕ್ರಾಂತಿ ದಿನ ನಿಮ್ಮನೇಲಿ ಜಮಖಾನ ಹಾಸಿದ್ರಲ್ಲ, ಅದ್ರ ಮೇಲೂ ಎಷ್ಟು ಜನ ಹಿಡೀತಾರೆ ಅಂತ ಲೆಕ್ಕ ಹಾಕ್ತಾ ಕೂತಿದ್ದೆ. ಇಂಥೋನ ಪಕ್ಕ ನಿನ್ನ ಕೂರ್ಸೋದಾ ಅನ್ನಿಸ್ತು. ಬೇಡ ಅಂದ್ಬಿಟ್ಟೆ."

ವರಲಕ್ಷ್ಮಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ತನ್ನ ಬಣ್ಣ ಕಾರಣವೇ, ಓದು ಕಾರಣವೇ, ಆಸ್ಪತ್ರೆಯ ಕೆಲಸ ಕಾರಣವೇ ಎಂದು ಕನ್ನಡಿಯ ಮುಂದೆ ನಿಂತು ಬೆಂದಿದ್ದಳಲ್ಲ.

"ಅಷ್ಟು ಜನರ ಮುಂದೆ ಬೇಡ ಅನ್ನೋಕೆ ಬಾಯಿ ಬಂತು. ನನ್ನೊಬ್ಬಳ ಹತ್ರ ಯಾಕೆ ಅಂತ ಹೇಳೋಕೆ ಬರ್ಲಿಲ್ವಾ ಭಾವ?"

ಭಾವ ಎಂದುಬಿಟ್ಟದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಅವನಿಗೆ ಆಗಲೇ ಗೊತ್ತಾಗಿತ್ತು. ಅವನ ಕಣ್ಣು ತುಂಬಿ ಬಂತು. ಅದನ್ನು ನೋಡಿ ಅವಳ ಸಿಟ್ಟು ಅಲ್ಲೇ ಕರಗಿತು.

"ಅಕ್ಕ ಗಾಡೀಲಿ ಹೋದಾಗ ಅವಳ ತಲೆ ನನ್ನ ತೊಡೆ ಮೇಲಿತ್ತು," ಎಂದಳು ಅವಳು. "ಅದಾದ ಮೇಲೆ ಯಾವ ಬಸುರಿ ಹೆಂಗಸನ್ನ ನೋಡಿದ್ರೂ ನನಗೆ ಗಾಡಿ ಸದ್ದೇ ಕೇಳೋದು. ಕಲಿಯೋಕೆ ಹೋದ ಮೊದಲ ತಿಂಗಳು ದಿನಾ ವಾಪಸ್ಸು ಬಂದ್ಬಿಡೋಣ ಅನ್ನಿಸ್ತಿತ್ತು. ಆಮೇಲೆ ಒಂದು ಮಗು ಕೈಗೆ ಬಂತು, ಕಿರುಚ್ತು. ಈಗ್ಲೂ ಸದ್ದು ಹೋಗಿಲ್ಲ ಭಾವ. ಅದರ ಜೊತೆಗೆ ಈ ಕಿರುಚಾಟಾನೂ ಕೇಳುತ್ತೆ ಅಷ್ಟೆ. ಇಲ್ಲಿಗೆ ಬಂದೋರೆಲ್ಲ ಉಳೀತಾರೆ ಅಂತ ಆಣೆ ಮಾಡೋಕೆ ನನಗೂ ಧೈರ್ಯ ಇಲ್ಲ. ಆದ್ರೆ ಬಹಳ ಜನ ಎದ್ದು, ಮಗು ಎತ್ಕೊಂಡು, ಈ ಹುಲ್ಲು ತುಳ್ಕೊಂಡು ಮನೆಗೆ ಹೋಗ್ತಾರೆ. ಅವರಿಗೆ ಅಂತ ಬಿತ್ತೋಣ."

ಅವನು ತಲೆಯಾಡಿಸಿದ. 

ಲೆಕ್ಕ ಮಾತ್ರ ಬಾಕಿ ಇತ್ತು. ರಾಗಿ ಒತ್ತಾದರೆ ರೈತರು ಏನು ಮಾಡುತ್ತಾರೋ ಅದನ್ನೇ ಇಬ್ಬರೂ ಮಾಡಿದರು. ಅವನ ಮಡಿಯ ಎರಡು ಬದಿಗೆ ಎದುರು ಬದುರು ಕೂತು ಎಳೆಗಳನ್ನು ಕಿತ್ತು ತೆಳುಮಾಡತೊಡಗಿದರು. ಕೊಳೆತದ್ದನ್ನು ಕೀಳುವುದು ಸುಲಭವಿತ್ತು. ಹಸಿರಾಗಿದ್ದುದಕ್ಕೆ ಬಂದಾಗ ಅವನ ಬೆರಳು ನಿಂತಿತು.

"ಇದು ಚೆನ್ನಾಗೇ ಇದೆಯಲ್ಲ," ಎಂದ.

"ಪಕ್ಕದ್ದು ಬದುಕಬೇಕಲ್ಲ ಭಾವ."

ಅವನು ಇನ್ನೂ ಹಿಂಜರಿದಾಗ ಅವಳು ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಎಳೆದಳು. ಎಳೆ ಬಂತು, ಅವಳ ಬೆರಳು ಮಾತ್ರ ತಕ್ಷಣ ಹಿಂದಕ್ಕೆ ಬರಲಿಲ್ಲ. ಅದಾದ ಮೇಲೆ ಇಬ್ಬರೂ ಬಹಳ ಗಮನ ಕೊಟ್ಟು ಹುಲ್ಲು ಕಿತ್ತರು, ತಲೆ ಎತ್ತುವಷ್ಟು ಧೈರ್ಯ ಇಬ್ಬರಿಗೂ ಇರಲಿಲ್ಲ.

ನಾಲ್ಕರಲ್ಲಿ ಮೂರು ಪಾಲು ಹೋಗಿ ಒಂದು ಪಾಲು ಉಳಿದಾಗ ಮಡಿ ಕಣ್ಣಿಗೆ ಹಿತವಾಯಿತು. ಎಳೆಗಳ ನಡುವೆ ಗಾಳಿ ಆಡುತ್ತಿತ್ತು. ಹರಡಿದರೆ ಮಣ್ಣು ಮುಚ್ಚಿಕೊಳ್ಳುವಷ್ಟು ಹತ್ತಿರವೂ ಇದ್ದವು.

"ಹದಿನಾಲ್ಕರಲ್ಲಿ ಕಾಲು ಭಾಗ. ಮೂರೂವರೆ ಸೇರು," ಎಂದಳು ಅವಳು.

"ಇರುವೆ, ಗುಬ್ಬಿ ಪಾಲು?"

"ಅದಕ್ಕೊಂದು ಅರ್ಧ ಸೇರು."

"ನಾಲ್ಕು," ಎಂದ ಅವನು. ನಾಲ್ಕು ಸೇರು ಎಂದು ಬಸ್ಸಿನ ಡ್ರೈವರ್ ಬಳಿ ಲೇಡಿ ಡಾಕ್ಟರಿಗೆ ಹೇಳಿ ಕಳಿಸಿದರು.

ಬೀಜ ಬಂದು ತಲುಪಿದ ಎರಡನೆಯ ದಿನ ಸಂಜೆ ನಂದಿ ಬೆಟ್ಟದ ಕಡೆಯಿಂದ ಮೋಡ ಇಳಿದು ಹದವಾದ ಮಳೆ ಬಂತು. ಮರುದಿನ ಬೆಳಗ್ಗೆ ಮಣ್ಣು ಕೈಗೆ ಅಂಟದೆ, ಒಣಗದೆ, ಬಿತ್ತನೆಗೆ ಹೇಳಿ ಮಾಡಿಸಿದಂತಿತ್ತು. ಬೀಜ ತೀರ ಸಣ್ಣದಾದ್ದರಿಂದ ಮರಳು ಬೆರೆಸಿದರು. ಎರಡು ಸೇರು ಅವನ ಮಂಕರಿಗೆ, ಎರಡು ಸೇರು ಅವಳದಕ್ಕೆ. ಅವನು ಉದ್ದಕ್ಕೆ ಬಿತ್ತುತ್ತ ಹೋಗಬೇಕು, ಅವಳು ಅಡ್ಡಕ್ಕೆ. ಹಾಗಾದರೆ ಒಂದು ಕೈ ತಪ್ಪಿದ್ದನ್ನು ಇನ್ನೊಂದು ಕೈ ತುಂಬುತ್ತದೆ.

ನಡುವೆ ಇಬ್ಬರ ದಾರಿ ಕೂಡಿದಾಗಲೆಲ್ಲ ಒಬ್ಬರು ನಿಂತು ಇನ್ನೊಬ್ಬರಿಗೆ ದಾರಿ ಬಿಡಬೇಕಾಗುತ್ತಿತ್ತು. ಅವನು ಪ್ರತಿ ಸಲವೂ ತಾನೇ ನಿಲ್ಲುತ್ತಿದ್ದ. ಹಾದುಹೋಗುವವಳ ಕಿವಿಯೋಲೆ, ಹಣೆಯ ಬೆವರಿಗೆ ಅಂಟಿದ ಕೂದಲು, ಬೀಜ ಚೆಲ್ಲುವಾಗ ಬಿಗಿಯಾಗುವ ಕೆಳತುಟಿ, ಎಲ್ಲವನ್ನೂ ನೋಡುತ್ತಿದ್ದ. ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವಳ ಸಾಲು ಒಂದೆರಡು ಕಡೆ ಸೊಟ್ಟಗಾಯಿತು.

ಬಿತ್ತನೆ ಮುಗಿಯುವ ಹೊತ್ತಿಗೆ ಗೇಟಿನ ಬಳಿ ಗಾಡಿ ನಿಂತಿತು. ಅಪ್ಪಯ್ಯಣ್ಣ ಇಳಿದು ಬಂದರು. ಗಾಡಿಯ ಮೂಕಿಯ ಮೇಲೆ ಪಿಳ್ಳಪ್ಪ ಕೂತಿದ್ದ.

"ಮಳೆ ಬಂತಲ್ಲಮ್ಮ," ಎಂದರು ಅಪ್ಪಯ್ಯಣ್ಣ. "ಪಿಳ್ಳಪ್ಪ ಹೊಸಕೋಟೆಗೆ ಹೊರಟವ್ನೆ. ಏನಂತ ಹೇಳಿ ಕಳಿಸ್ಲಿ?"

ವರಲಕ್ಷ್ಮಿ ಖಾಲಿ ಮಂಕರಿ ಹಿಡಿದು ನಿಂತಳು. ಉಹೂಂ ಎನ್ನುವುದು ಅವಳಿಗೆ ಕಷ್ಟವಿರಲಿಲ್ಲ. ಆದರೆ ವೆಂಕಟನ ಮಾತನ್ನು ತಾನು ಆಡಬಾರದು. ಬೇಡ ಎಂದವನು ಅವನು, ಬೇಕು ಎಂಬುದೂ ಅವನ ಬಾಯಿಂದಲೇ ಬರಬೇಕು. ಬರದಿದ್ದರೆ ಹೊಸಕೋಟೆಗೂ ಬೇಡ, ಇವನಿಗೂ ಬೇಡ, ಆಸ್ಪತ್ರೆ ಇದ್ದೇ ಇದೆ. ಹೀಗೆಂದು ಮನಸ್ಸು ಗಟ್ಟಿ ಮಾಡಿಕೊಂಡರೂ ಅವಳ ಕಣ್ಣು ವೆಂಕಟನ ಕಡೆಗೇ ಹೋಯಿತು.

"ಒಂದ್ನಿಮಿಷ ಮಾವ," ಎಂದ ವೆಂಕಟ.

ಅವನು ಬಿತ್ತಿದ ನೆಲವನ್ನು ನೇರವಾಗಿ ದಾಟಿಕೊಂಡು ಅವಳೆದುರು ಬಂದು ನಿಂತ. ಪಿಳ್ಳಪ್ಪನಿಗೂ ಕೇಳುವಷ್ಟು ಜೋರಾಗಿಯೇ ಮಾತಾಡಿದ.

"ಅವತ್ತು ಎಲ್ಲರ ಮುಂದೆ ಬೇಡ ಅಂದೆ. ಇವತ್ತು ಎಲ್ಲರ ಮುಂದೇನೇ ಕೇಳ್ತೀನಿ. ನಿನ್ನ ಬಿಟ್ರೆ ನನಗೆ ಯಾರೂ ಬೇಡ ವರಲಕ್ಷ್ಮಿ. ಅಲ್ಲಿ ಬರ್ಮಾದಲ್ಲೂ ಊರು ಅಂದ್ರೆ ನನಗೆ ನೀನೇ ಆಗಿದ್ದೆ." ಅಲ್ಲಿಗೆ ಅವನ ದನಿ ಇಳಿಯಿತು. "ಆದ್ರೆ ಒಂದು ತಿಳ್ಕೋ. ನಿದ್ದೇಲಿ ಬೆಚ್ಚಿ ಎದ್ದು ಕೂತ್ಕೋತೀನಿ ನಾನು. ಒಂದೊಂದ್ಸಲ ಬೆಳಗಾಗೋ ತನಕ ಕೂತಿರ್ತೀನಿ. ವಾಸಿ ಆಗುತ್ತೋ ಇಲ್ವೋ ಗೊತ್ತಿಲ್ಲ. ಅದನ್ನೂ ಸೇರ್ಸಿ ಹೂಂ ಅನ್ನಬೇಕು. ಇಲ್ಲಾಂದ್ರೆ ಗಾಡಿ ಹೊರಡ್ಲಿ."

ಅಪ್ಪಯ್ಯಣ್ಣ ಒಂದು ಕ್ಷಣ ಅಳಿಯನಾಗಬೇಕಾದವನ ಮುಖ ನೋಡಿದರು. ಅವರಿಗೆ ಏನು ಅರ್ಥವಾಯಿತೋ, ರುಮಾಲು ಸರಿಮಾಡಿಕೊಂಡು ಗೇಟಿನ ಕಡೆ ತಿರುಗಿದರು.

ವರಲಕ್ಷ್ಮಿ ಮಂಕರಿ ಕೆಳಗಿಟ್ಟಳು. ಅವಳ ಕೈಯಲ್ಲಿ ಮರಳು ಅಂಟಿತ್ತು. ಆ ಕೈಯಲ್ಲೇ ಅವನ ಕೈ ಹಿಡಿದಳು.

"ಹೆರಿಗೆ ಮಾಡ್ಸೋಳಿಗೆ ರಾತ್ರಿ ಎದ್ದಿರೋದೇನು ಹೊಸದಾ ಭಾವ? ಇನ್ಮೇಲೆ ಒಬ್ಬನೇ ಕೂರ್ಬೇಡ. ನನ್ನೂ ಎಬ್ಬಿಸು."

ಅವನು ಹೂಂ ಎಂದನೋ ಇಲ್ಲವೋ ಯಾರಿಗೂ ಕೇಳಿಸಲಿಲ್ಲ. ಗೇಟಿನ ಬಳಿ ಅಪ್ಪಯ್ಯಣ್ಣ ಪಿಳ್ಳಪ್ಪನಿಗೆ ಎತ್ತು ಬಿಚ್ಚಿ ನೀರು ಕುಡಿಸು, ಉಹೂಂ ಅಂತ ಹೇಳೋಕೆ ಅವಸರ ಏನೈತೆ, ಊಟ ಮಾಡ್ಕೊಂಡೇ ಹೋಗುವಿಯಂತೆ ಎಂದು ಹೇಳುತ್ತಿದ್ದರು.